ಎಳ್ಳಮವಾಸ್ಯಿ ದಿನ ರೇಡಿಯೊದಾಗ ಆ ಹುಡುಗಿ ಖರೇ ಹೇಳಿದ್ಳು, ನಾವ್ಯಾಕ ತಿದ್ದಬೇಕಿತ್ತು?

ಬ್ರಹ್ಮಪುರ ಕೇಳುಗಿ

ಎಲ್ಲರಿಗೂ ಶರಣು. ಹೊಲಕ್ಕ ಹೋಗಿ ಪೂಜಿ ಮಾಡಿ ಎಲ್ಲರೂ ಕೂಡಿ ಉಣ್ಣೋ ಎಳ್ಳಮವಾಸ್ಯಿ ಹಬ್ಬದ ದಿನ ಮುಂಜಾನಿ ನಮ್ಮ ಭಾಗದ ರೇಡಿಯೊದಾಗ ಮಕ್ಕಳಿಗಂತ ನೇರ ಫೋನ್-ಇನ್ ಇತ್ತು. ಯಾವ ಕೇಂದ್ರ, ಯಾರು ನಡೆಸಿಕೊಟ್ರು ಅನ್ನೋದು ಇಲ್ಲಿ ಬರಿಯಂಗಿಲ್ಲ. ನನಗ ಮಾತಾಡಬೇಕಾಗಿದ್ದು ಬ್ಯಾರೇದು.

ಪ್ರಶ್ನಿ ಒಂದೇ: "ಈ ಹಬ್ಬಕ್ಕ ನೀನು ಯಾರಿಗೆ ಥ್ಯಾಂಕ್ಸ್ ಹೇಳ್ತಿ?" ಮೊದಲು ಬಂದ ಮಕ್ಕಳೆಲ್ಲ ಒಂದೇ ಉಸುರಿಗೆ "ತಂದೆ-ತಾಯಿಗೆ, ಗುರುಗಳಿಗೆ, ಅನ್ನದಾತ ರೈತರಿಗೆ, ಗಡಿ ಕಾಯೋ ಸೈನಿಕರಿಗೆ" ಅಂದು ಮುಗಿಸಿದವು. ಹಿಂದಿಂದ ಯಾರೋ ಹೇಳಿಕೊಡೋದು ಫೋನಿನಾಗ ಸ್ವಚ್ಛ ಕೇಳಸ್ತಿತ್ತು. ಒಂದು ಹುಡುಗ "ಸೈನಿಕರಿಗೆ" ಅನ್ನೋದು ಮರತು ನಿಂತ್ರ, ಪಕ್ಕದಾಗ ಹೆಣ್ಣುಧ್ವನಿ "ಸೈನಿಕ್ರಿಗೆ ಅನ್ನೋ" ಅಂತ ಗದರಿಸಿದ್ದೂ ಹಂಗೇ ಪ್ರಸಾರ ಆಯ್ತು.

ಆಮ್ಯಾಲ ಒಂದು ಹುಡುಗಿ ಲೈನಿಗೆ ಬಂತು. ಮೂರನೇತ್ತೋ ನಾಕನೇತ್ತೋ ಇರಬೇಕು. ಊರಿನ ಹೆಸರು ಹೇಳಿತು, ನಾನಿಲ್ಲಿ ಬರಿಯಂಗಿಲ್ಲ. ಆ ಕೂಸು ಹೇಳಿದ್ದು ನೆನಪಿದ್ದಷ್ಟು ಹಂಗೇ ಬರಿತೀನಿ:

"ನಮಗ ಹೊಲ ಇಲ್ಲ. ಗೌಡ್ರ ಹೊಲಕ್ಕ ಹೋಗ್ತೀವಿ. ನನಗ ಭಜ್ಜಿ ಸೇರಂಗಿಲ್ಲ. ನಮ್ಮತ್ತಿ ನನಗಂತ ಸೆಂಗಾ ಹೋಳಿಗಿ ಡಬ್ಬ್ಯಾಗ ಮುಚ್ಚಿಟ್ಟಾಳ, ಅಣ್ಣಗ ಗೊತ್ತಿಲ್ಲ. ಅಕಿಗಿ ನನ್ನ ಕೆಂಪು ರಿಬ್ಬನ್ ಕೊಡ್ತೀನಿ."

ಕಾರ್ಯಕ್ರಮ ನಡಸೋರು ನಕ್ಕು "ಮತ್ತ ಅಪ್ಪಗ?" ಅಂದ್ರು.

"ಅಪ್ಪ ಪುಣೆದಾಗ ಹಾನ. ಹಬ್ಬಕ್ಕ ಬರ್ತೀನಂದಿದ್ದ, ಬರಲಿಲ್ಲ. ಸುಳ್ಳು ಹೇಳ್ಯಾನ. ಅವಗ ಹೇಳಂಗಿಲ್ಲ."

"ಹಂಗೆಲ್ಲ ಅನ್ನಬಾರದು ಪುಟ್ಟಿ. ಅಪ್ಪ ನಿಮ್ಮ ಸಲುವಾಗೇ ದುಡಿಯಾಕ ಹೋಗ್ಯಾನಲ್ಲ. ಥ್ಯಾಂಕ್ಸ್ ಅಪ್ಪ ಅನ್ನು, ಜಾಣಿ." ಆ ಕಡಿಂದ ಮಾತಿಲ್ಲ. "ಅನ್ನಮ್ಮ, ಎಲ್ಲರೂ ಕೇಳಲಕತ್ತಾರ." ಕಡೀಗೆ ಸಣ್ಣ ದನಿಲೆ "ಥ್ಯಾಂಕ್ಸ್ ಅಪ್ಪ" ಅಂತು. ಹಾಡು ಹಾಕಿದ್ರು.

ನನ್ನ ಪ್ರಕಾರ ಆ ಕೂಸಿನ ಬಾಯಿಂದ ಬಂದ ಒಂದೇ ಒಂದು ಸುಳ್ಳು ಆ ಕಡೀ ಮಾತು. ಅದನ್ನ ಹೇಳಿಸಿದೋರು ದೊಡ್ಡೋರು. ಸಾಲದ್ದಕ್ಕ, ಆ ತುಣುಕು ರೆಕಾರ್ಡ್ ಮಾಡಿ ನಗೋ ಇಮೋಜಿ ಹಚ್ಚಿ ವಾಟ್ಸ್ಯಾಪ್ ಗ್ರೂಪಿನಾಗ ಬಿಟ್ಟಾರ. ನಿಮಗೇನನಸ್ತದ ಹೇಳ್ರಿ. ಸಂಕ್ರಾಂತಿಗೂ ಇಂಥದೇ ಕಾರ್ಯಕ್ರಮ ಅದ ಅಂತ ಹೇಳ್ಯಾರ, ಅದಕ್ಕ ಮೊದಲು ಕೇಂದ್ರಕ್ಕ ಒಂದು ಪತ್ರ ಬರಿಬೇಕಂತ ಮಾಡೀನಿ.

ಹಳೇ ಶಹಾಬಾದ್

ತಂಗಿ, ನಾನೂ ಕೇಳೀನಿ. ನಡೆಸಿದೋರದು ಏನೂ ತಪ್ಪಿಲ್ಲ. ಕೂಸು ಅಪ್ಪಗ ಸುಳ್ಳ ಅಂತದ, ಅದೂ ನಾಕು ಜಿಲ್ಲೆ ಕೇಳೋ ರೇಡಿಯೊದಾಗ. ಆಗ ದೊಡ್ಡೋರು ತಿದ್ದಲಿಲ್ಲಂದ್ರ ಯಾರು ತಿದ್ದಬೇಕು? ಮನಿ ಮಾತು ಮನ್ಯಾಗಿರಬೇಕು. ಆ ತಾಯಿ ಮರುದಿನ ನೀರಿಗೆ ಹೋದಾಗ ನಾಕು ಮಂದಿ ಏನಂದಿರಬೇಕು ವಿಚಾರ ಮಾಡು. ಖರೇ ಹೇಳೋದು ಬ್ಯಾರೆ, ಎಲ್ಲರ ಮುಂದ ಹೇಳೋದು ಬ್ಯಾರೆ. ನಮ್ಮ ಕಾಲಕ್ಕ ಹಬ್ಬದ ದಿನ ಹಿರಿಯರ ಕಾಲಿಗಿ ಬೀಳಂದ್ರ ಬೀಳ್ತಿದ್ದಿವಿ, ಮನಸ್ನಾಗ ಸಿಟ್ಟಿರಲಿ ಬಿಡಲಿ. ಬಿದ್ದು ಬಿದ್ದೇ ಭಕ್ತಿ ಬಂತು.

ಸೇಡಂ ತೊಗರಿ ರೈತ

ಶಹಾಬಾದ್ ಕಾಕಾರ ಮಾತಿನಾಗ ಅರ್ಧಕ್ಕ ನಂದು ಒಪ್ಪಿಗಿ ಅದ. ಉಳಿದರ್ಧ ಹೇಳ್ತೀನಿ.

ಆ ಹುಡುಗಿ "ನಮಗ ಹೊಲ ಇಲ್ಲ, ಗೌಡ್ರ ಹೊಲಕ್ಕ ಹೋಗ್ತೀವಿ" ಅಂದಾಗ ಕೇಳಿದೋರಿಗೆ ಅಯ್ಯೋ ಪಾಪ ಅನಿಸ್ಯದ. ನನಗ ಹಂಗನಿಸಲಿಲ್ಲ. ಎಳ್ಳಮವಾಸ್ಯಿ ಅಂದ್ರನೇ ಹೊಲ ಇದ್ದವರು ಇಲ್ಲದವರನ್ನ ಕರಕೊಂಡು ಹೋಗೋ ಹಬ್ಬ. ನಮ್ಮ ಹೊಲದಾಗ ಬನ್ನಿಗಿಡದ ಬುಡಕ್ಕ ಐದು ಕಲ್ಲು ಇಟ್ಟು ಸುಣ್ಣ ಬಳದು ಪಾಂಡವರಂತ ಪೂಜಿ ಮಾಡ್ತೀವಿ. ಸಜ್ಜಿರೊಟ್ಟಿ, ಜೋಳದ ಕಡಬು, ಭಜ್ಜಿ, ಸೆಂಗಾ ಹಿಂಡಿ ಎಲ್ಲಾ ಒಂದಿಷ್ಟು ಕಲಿಸಿ ಹೊಲದ ಸುತ್ತ ಚರಗ ಚೆಲ್ತೀವಿ. ಮುಂದ ಒಬ್ಬರು ಚೆಲ್ಲಕೋತ ಕೂಗ್ತಾರ, ಹಿಂದಿದ್ದವರು ನೀರು ಹಾಕಕೋತ ಬರ್ತಾರ. ಆಮ್ಯಾಲ ಊಟಕ್ಕ ಕುಂತಾಗ ಹಾದಿ ಮ್ಯಾಲ ಹೋಗೋರನ್ನೂ "ಬರ್ರಿ ಉಣ್ಣಾಕ" ಅಂತ ಕರಿಬೇಕು, ಕರಿಲಿಲ್ಲಂದ್ರ ಹಬ್ಬ ಹಬ್ಬಲ್ಲ.

ಈಗ ಯಾರು ಯಾರಿಗೆ ಥ್ಯಾಂಕ್ಸ್ ಹೇಳಬೇಕು? ಜೂನ್-ಜುಲೈದಾಗ ತೊಗರಿ ಬಿತ್ತೋದು, ಡಿಸೆಂಬರ್-ಜನವರಿದಾಗ ಕೊಯ್ಯೋದು. ನಡುವಿನ ಕಳಿ ತಗಿಯೋದು, ಕೊಯ್ಯೋದು, ಬಡಿಯೋದು ಯಾರು ಮಾಡ್ತಾರ? ಆ ಹುಡುಗಿ ಅವ್ವನಂಥೋರು, ಅತ್ತಿಯಂಥೋರು. 2019ರಾಗ ಕಲಬುರಗಿ ತೊಗರಿಬ್ಯಾಳಿಗಿ ಜಿಐ ಟ್ಯಾಗ್, ಅಂದ್ರ ಇದು ಈ ನೆಲದ್ದೇ ಅನ್ನೋ ಸರಕಾರಿ ಗುರ್ತು, ಬಂದಾಗ ನಾವೆಲ್ಲ ಫೋಟೊ ಹೊಡಸ್ಕೊಂಡಿವಿ, ಅದರಾಗ ಒಬ್ಬಾಕಿ ಕೂಲಿ ಹೆಣ್ಣುಮಗಳೂ ಇರಲಿಲ್ಲ. ಭೂಮಿತಾಯಿಗಿ ಚರಗ ಚೆಲ್ಲಿದ ಕೈಲೇ ಅವರಿಗೆ ಕೈ ಮುಗಿಬೇಕು. ರೇಡಿಯೊದವರು ಗೌಡ್ರ ಮನಿ ಮಕ್ಕಳಿಗಿ ಆ ಪ್ರಶ್ನಿ ಕೇಳಿದ್ರ ಛಲೋ ಆಗ್ತಿತ್ತು: ನಿಮ್ಮ ಹೊಲದಾಗ ದುಡಿಯೋರ ಹೆಸರು ಗೊತ್ತದೇನಪ್ಪ ಅಂತ.

ಮತ್ತ ಭಜ್ಜಿ ಸೇರಂಗಿಲ್ಲ ಅನ್ನೋ ಮಕ್ಕಳು ನಮ್ಮನ್ಯಾಗೂ ಅವ. ಹಸಿಕಡ್ಲಿ, ತೊಗರಿಕಾಯಿ, ಅವರಿ, ಮೆಂತಿ, ಪಾಲಕ, ಬದ್ನಿಕಾಯಿ, ಗಜ್ಜರಿ, ಹುಣಸಿಹುಳಿ ಎಲ್ಲಾ ಕೂಡಿಸಿ ಕಡ್ಲಿಹಿಟ್ಟು ಹಾಕಿ ಕುದಿಸಿದ್ದು ಸಣ್ಣ ಮಕ್ಕಳ ನಾಲಿಗಿಗಿ ಹತ್ತಂಗಿಲ್ಲ. ಸೇರಂಗಿಲ್ಲಂದ್ರ ಸೇರಂಗಿಲ್ಲ. ಅದಕ್ಕ್ಯಾಕ ಮಂದಿ ನಕ್ಕರು ಗೊತ್ತಿಲ್ಲ.

ಆಳಂದ ಶಾಲೆ

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಶಹಾಬಾದ್ ಸರ್ ಎತ್ತಿದ ಮಾತು ಸಣ್ಣದಲ್ಲ. "ಹೇಳಿಸಿ ಹೇಳಿಸಿ ಅಭ್ಯಾಸ ಮಾಡಿಸಿದರೆ ಭಾವನೆ ತಾನಾಗಿ ಬರುತ್ತದೆ" ಎಂಬ ನಂಬಿಕೆಯ ಮೇಲೇ ನಮ್ಮ ಶಾಲೆಗಳು ನಡೆದಿವೆ. ಆದರೆ ಮಕ್ಕಳ ಬಗ್ಗೆ ಅಧ್ಯಯನ ಮಾಡಿದವರು ಕಂಡದ್ದನ್ನೂ ಇಲ್ಲಿ ಇಡುತ್ತೇನೆ.

1938ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಾನ್ಸಿಸ್ಕಾ ಬೌಮ್‌ಗಾರ್ಟನ್-ಟ್ರಾಮರ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳಿಗೆ ಎರಡು ಪ್ರಶ್ನೆ ಕೇಳಿದರು. ನಿನ್ನ ದೊಡ್ಡ ಆಸೆ ಯಾವುದು? ಅದನ್ನು ಈಡೇರಿಸಿದವರಿಗೆ ನೀನೇನು ಮಾಡುತ್ತೀ? ಕೆಲವು ಮಕ್ಕಳು ಬರೀ ಥ್ಯಾಂಕ್ಸ್ ಹೇಳುತ್ತೇನೆ ಅಂದವು. ಕೆಲವು ತಮಗೆ ಪ್ರೀತಿಯಾದ ವಸ್ತುವನ್ನೇ ಕೊಡುತ್ತೇನೆ ಅಂದವು, ಇದು ಸಣ್ಣ ಮಕ್ಕಳಲ್ಲಿ ಹೆಚ್ಚು. ಇನ್ನು ಕೆಲವು, ಕೊಟ್ಟವರಿಗೆ ಏನು ಬೇಕು ಎಂದು ಯೋಚಿಸಿ ಉತ್ತರ ಹೇಳಿದವು. ಈ ಹುಡುಗಿಯ ಕೆಂಪು ರಿಬ್ಬನ್ ಎರಡನೆಯ ಬಗೆಯದು. ಅತ್ತೆಗೆ ರಿಬ್ಬನ್ ಬೇಕೋ ಬೇಡವೋ ಅದು ಅವಳಿಗೆ ಇನ್ನೂ ಹೊಳೆದಿಲ್ಲ, ತನ್ನ ಹತ್ತಿರ ಇರುವ ಅತಿ ಬೆಲೆಬಾಳುವ ವಸ್ತು ಅದು, ಅಷ್ಟೇ. ಅಂಥ ಕೃತಜ್ಞತೆ ರೇಡಿಯೊದಲ್ಲಿ ಬಂದಾಗ ಅಲ್ಲಿ ನಿಂತು "ಕೆಂಪು ರಿಬ್ಬನ್ನೇ ಯಾಕಮ್ಮ?" ಎಂದು ಕೇಳಬೇಕಿತ್ತು. ಅದನ್ನು ದಾಟಿ "ಅಪ್ಪಗ?" ಅಂದದ್ದೇ ನನಗೆ ನೋವಾದದ್ದು.

ಇನ್ನೊಂದು 2014ರದು. ಟೊರಾಂಟೊದ ಕಾಂಗ್ ಲೀ, ಮಾಂಟ್ರಿಯಲ್‌ನ ವಿಕ್ಟೋರಿಯಾ ತಲ್ವಾರ್ ಮತ್ತು ಜೊತೆಗಾರರು 3ರಿಂದ 7 ವರ್ಷದ ಮಕ್ಕಳ ಜೊತೆ ಒಂದು ಆಟ ಆಡಿದರು. ಹಿಂದೆ ಇಟ್ಟ ಆಟಿಕೆಯನ್ನು ತಿರುಗಿ ನೋಡಬಾರದು, ಬರೀ ಸದ್ದು ಕೇಳಿ ಏನೆಂದು ಹೇಳಬೇಕು. ದೊಡ್ಡವರು ಹೊರಗೆ ಹೋದಾಗ ಬಹಳಷ್ಟು ಮಕ್ಕಳು ತಿರುಗಿ ನೋಡಿದವು. ಆಮೇಲೆ ಒಂದೊಂದು ಗುಂಪಿಗೆ ಒಂದೊಂದು ಕಥೆ ಹೇಳಿ "ನೋಡಿದೆಯಾ?" ಎಂದು ಕೇಳಿದರು. "ತೋಳ ಬಂತು ತೋಳ" ಕಥೆ ಕೇಳಿದ ಮಕ್ಕಳಲ್ಲಿ ಏನೂ ಬದಲಾಗಲಿಲ್ಲ. ಜಾರ್ಜ್ ವಾಷಿಂಗ್ಟನ್ ಚೆರಿ ಗಿಡ ಕಡಿದು ಅಪ್ಪನ ಮುಂದೆ ಒಪ್ಪಿಕೊಂಡಾಗ ಅಪ್ಪ ಮೆಚ್ಚಿದ ಕಥೆ ಕೇಳಿದವರು ಹೆಚ್ಚಾಗಿ ಖರೇ ಹೇಳಿದರು. ಅದೇ ಕಥೆಯ ಕೊನೆಯನ್ನು ಬದಲಿಸಿ ಶಿಕ್ಷೆ ಆದಂತೆ ಮಾಡಿದಾಗ ಆ ಪರಿಣಾಮ ಇಲ್ಲವಾಯಿತು. ಹೆದರಿಸಿ ಸತ್ಯ ಹೇಳಿಸಲು ಆಗುವುದಿಲ್ಲ, ಸತ್ಯ ಹೇಳಿದರೆ ದೊಡ್ಡವರು ತಾಳಿಕೊಳ್ಳುತ್ತಾರೆ ಎಂಬ ಧೈರ್ಯ ಬೇಕು. ಅವತ್ತು ಆ ಹುಡುಗಿಗೆ, ಅವಳ ಜೊತೆ ರೇಡಿಯೊ ಕೇಳುತ್ತಿದ್ದ ಎಲ್ಲ ಮಕ್ಕಳಿಗೆ ಸಿಕ್ಕ ಪಾಠ ಇದರ ಉಲ್ಟಾ.

ಹಳೇ ಶಹಾಬಾದ್

ಅಕ್ಕೋರೆ, ವಿದೇಶದ ಮಾತು ವಿದೇಶಕ್ಕ ಸರಿ. ನಮ್ಮಲ್ಲಿ ಮಾನ-ಮರ್ಯಾದಿ ಅಂತ ಒಂದದ. ಯಾರರೆ ಮನಿಗಿ ಬಂದು ಮಕ್ಕಳ ಕೈಯಾಗ ಏನರೆ ಇಟ್ರ, ಕೂಸು "ಇದು ನನಗ ಬ್ಯಾಡ" ಅಂದ್ರ ನೀವು ಸುಮ್ನಿರ್ತೀರೇನು?

ಆಳಂದ ಶಾಲೆ

ಸುಮ್ಮನಿರುವುದಿಲ್ಲ ಸರ್, ನೀವು ಹೇಳಿದ್ದು ಸರಿ. ಅದನ್ನೂ ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ, ಮಕ್ಕಳಿಗೆ ಉಡುಗೊರೆ ಎಂದು ಬರೀ ಸಾಬೂನು ಕೊಟ್ಟು. ಬಹಳಷ್ಟು ಮಕ್ಕಳು "ಇಷ್ಟ ಆಯ್ತು" ಅಂದವು. ಎದುರಿಗಿದ್ದವರ ಮನಸ್ಸು ನೋಯಬಾರದೆಂದು ಹೇಳುವ ಮಾತು ಅದು, ಅದನ್ನು ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಲ್ಲಿ ಯಾರ ಮನಸ್ಸು ಉಳಿಸಿದೆವು? ಅಪ್ಪ ಕೇಳುತ್ತಿದ್ದನೋ ಇಲ್ಲವೋ. ಕೊಟ್ಟ ಮಾತು ತಪ್ಪಿದ್ದು ದೊಡ್ಡವನು, ನೊಂದದ್ದು ಕೂಸು, ಕ್ಷಮಾಪಣೆಯಂತೆ ಥ್ಯಾಂಕ್ಸ್ ಹೇಳಿದ್ದೂ ಕೂಸೇ.

ಗುರುಮಠಕಲ್‌ನಿಂದ ಬೆಂಗಳೂರಿಗೆ

ನಾನು ಆ ಹುಡುಗಿ ಅಪ್ಪ ಅಲ್ಲ. ಆದ್ರ ಆಗಿರಬಹುದಿತ್ತು, ಅದಕ್ಕೇ ಬರಿಲಕತ್ತೀನಿ.

ಬೆಂಗಳೂರಾಗ ಸೆಂಟ್ರಿಂಗ್ ಕೆಲಸ ಮಾಡ್ತೀನಿ. ಇಲ್ಲಿ ಮೇಸ್ತ್ರಿಗಿ ದೀಪಾವಳಿ ಗೊತ್ತದ, ಯುಗಾದಿ ಗೊತ್ತದ. ಎಳ್ಳಮವಾಸ್ಯಿ ಅಂದ್ರ "ಅಮವಾಸ್ಯೆಗೆ ಯಾಕಪ್ಪ ರಜೆ" ಅಂತಾನ. ಸ್ಲ್ಯಾಬ್ ಹಾಕೋ ದಿನ ಹಿಂದ ಮುಂದ ಆಗ್ತಿರ್ತದ. ಫೋನಿನಾಗ ಮಗಳು ಬರ್ತಿಯೇನಪ್ಪ ಅಂದಾಗ "ನೋಡ್ತೀನವ್ವ" ಅನ್ನಬೇಕು. ಬಾಯಿಗೆ ಬರೋದು "ಬರ್ತೀನಿ" ಅಂತ. ಅಳ್ತಾಳಂತ ಹಂಗಂತೀವಿ. ಆ ಮಾತಿನ ಮ್ಯಾಲ ಕೂಸು ದಿನ ಎಣಿಸ್ತದ, ಗೆಳತ್ಯಾರ ಮುಂದ ಹೇಳ್ಕೋತದ. ಉದ್ಯಾನ್ ಎಕ್ಸ್‌ಪ್ರೆಸ್ ಯಾದಗಿರಿಗೆ ಬಂದು ಹೋಗೋ ಹೊತ್ತು ನನ್ನ ಮಗಳಿಗಿ ಬಾಯಿಪಾಠ ಅದ.

ಶಹಾಬಾದ್ ಕಾಕಾ, ನೀವು ನಮ್ಮ ಮರ್ಯಾದಿ ಸಲುವಾಗಿ ಮಾತಾಡ್ಲಕತ್ತೀರಿ, ನಿಮಗ ನಮಸ್ಕಾರ. ಆದ್ರ ನನ್ನ ಕೇಳಿದ್ರ ನನ್ನ ಮಗಳು ರೇಡಿಯೊದಾಗ "ನಮ್ಮಪ್ಪ ಸುಳ್ಳು ಹೇಳ್ಯಾನ" ಅಂದ್ರ ನನಗ ನೋವಾಗ್ತದ, ಅವಮಾನ ಆಗಂಗಿಲ್ಲ. ಅಕಿ ನನ್ನ ದಾರಿ ಕಾದಾಳ ಅಂತ ಅರ್ಥ. ಯಾರೋ ಹೇಳಿಸಿದ "ಥ್ಯಾಂಕ್ಸ್ ಅಪ್ಪ" ಕೇಳಿ ನಾನೇನು ಮಾಡಲಿ? ಊರಿಗಿ ಹೋದಾಗ ಕುಂಡ್ರಿಸ್ಕೊಂಡು ಮಾತಾಡಾಕ ನನಗ ಆ ಖರೇ ಮಾತು ಬೇಕು.

ಹೊಲ ಇಲ್ಲ, ಮಳಿ ಕೈಕೊಟ್ರ ಕೂಲೀನೂ ಇಲ್ಲ. ನಾವು ಹೋಗೋದು ಅದಕ್ಕೇ. ಅದನ್ನ ಕೂಸಿಗಿ ಹೇಳಬಹುದು, ಅದಕ್ಕ ತಿಳಿತದ. ಬರ್ತೀನಂದು ಬರದಿದ್ದದ್ದು ತಿಳಿಯಂಗಿಲ್ಲ.

ಔರಾದ್ ಬೀದರ್

ಮ್ಯಾಲಿನ ಮಾತು ಓದಿ ಮನ್ಯಾಗ ಎಲ್ಲರಿಗೂ ಓದಿ ಹೇಳ್ದೆ. ನಮ್ಮ ಕಡಿನೂ ಅರ್ಧ ಊರು ಹೈದರಾಬಾದ್ ಇಲ್ಲಂದ್ರ ಪುಣೆದಾಗೇ ಅದ.

ಈ ಹಿಂದೆ ಮೈಕ್ ಮುಂದೆ

ಕೆಲವು ವರ್ಷ ಕ್ಯಾಶುಯಲ್ ಅನೌನ್ಸರ್ ಆಗಿ ಕೆಲಸ ಮಾಡಿದವನು, ಇದೇ ಕೇಂದ್ರದಲ್ಲಿ ಅಲ್ಲ. ಸ್ಟುಡಿಯೊ ಒಳಗಿನ ಸ್ಥಿತಿ ಗೊತ್ತಿದ್ದರೆ ಪತ್ರ ಬರೆಯುವವರಿಗೆ ಅನುಕೂಲ ಎಂದು ಹೇಳುತ್ತಿದ್ದೇನೆ.

ನೇರ ಫೋನ್-ಇನ್‌ನಲ್ಲಿ ಕರೆ ಮೊದಲು ಇನ್ನೊಬ್ಬರ ಕೈಗೆ ಬರುತ್ತದೆ. ಅವರು ಹೆಸರು, ಊರು ಬರೆದುಕೊಂಡು, ಮನೆಯ ರೇಡಿಯೊ ಸೌಂಡ್ ಕಡಿಮೆ ಮಾಡಿಸಿ ಕಾಯಿಸುತ್ತಾರೆ. ಸೌಂಡ್ ಕಡಿಮೆ ಮಾಡದಿದ್ದರೆ ರೇಡಿಯೊದ ಸದ್ದು ಫೋನಿನ ಮೂಲಕ ಮತ್ತೆ ನಮ್ಮ ಕಡೆ ಬಂದು ಕೀರಲು ಹತ್ತುತ್ತದೆ. ಈ ಕಾಯುವ ಹೊತ್ತಿನಲ್ಲೇ ಪಕ್ಕದಲ್ಲಿರುವ ದೊಡ್ಡವರು ಮಗುವಿಗೆ "ಹೀಗನ್ನು, ಹಾಗನ್ನು" ಎಂದು ತಿದ್ದಿ ತೀಡಿ ಬಾಯಿಪಾಠ ಮಾಡಿಸುವುದು. ಕರೆ ತೆಗೆದುಕೊಳ್ಳುವವರು "ಮಗುವಿಗೆ ಏನೂ ಹೇಳಿಕೊಡಬೇಡಿ, ಅದಕ್ಕೆ ತಿಳಿದದ್ದು ಹೇಳಲಿ" ಎಂದು ಒಂದು ಮಾತು ಹೇಳಿದರೆ ಅರ್ಧ ಕೆಲಸ ಆದಂತೆ.

ಇನ್ನರ್ಧ ಮೌನದ ಭಯ. ರೇಡಿಯೊದಲ್ಲಿ ಎರಡು ಮೂರು ಸೆಕೆಂಡ್ ಸದ್ದಿಲ್ಲದಿದ್ದರೆ ನಡೆಸುವವರ ಎದೆ ಹೊಡೆದುಕೊಳ್ಳುತ್ತದೆ, ಕೇಳುಗರು ಸೆಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂದು. ಆ ಹುಡುಗಿ ಸುಮ್ಮನಾದಾಗ "ಅನ್ನಮ್ಮ, ಎಲ್ಲರೂ ಕೇಳಲಕತ್ತಾರ" ಎಂದು ಬಂದದ್ದು ಆ ಭಯದಿಂದ, ಕೆಟ್ಟ ಮನಸ್ಸಿನಿಂದ ಅಲ್ಲ ಎಂದು ನನ್ನ ನಂಬಿಕೆ. ಆದರೆ ಮಕ್ಕಳ ಕಾರ್ಯಕ್ರಮಕ್ಕೆ ಕೂರುವವರು ಮೌನ ತಡೆದುಕೊಳ್ಳಲು ಕಲಿಯಲೇಬೇಕು. "ಅಪ್ಪ ಬರಲಿಲ್ಲ ಅಂತ ಬೇಜಾರಾಗಿದೆ, ಅಲ್ವಾ?" ಅಷ್ಟೇ ಸಾಕಿತ್ತು. ಮಗು "ಹೂಂ" ಅನ್ನುತ್ತಿತ್ತು. ಆಮೇಲೆ ಅತ್ತೆಯ ಹೋಳಿಗೆಗೆ ಮರಳಬಹುದಿತ್ತು.

ರೋಜಾ ಏರಿಯಾ ಅಮ್ಮಿ

ಅಸ್ಸಲಾಮು ಅಲೈಕುಮ್, ನಮಸ್ಕಾರ. ನಮ್ಮ ಮನ್ಯಾಗ ರಮಜಾನ್ ಈದಿಗೆ ಇದೇ ಗದ್ದಲ. ಹಿರಿಯರು ಮಕ್ಕಳಿಗೆ ಈದಿ ಅಂತ ದುಡ್ಡು ಕೊಡ್ತಾರ. ನನ್ನ ಸಣ್ಣ ಮಗ ನೋಟು ತಿರುಗಿಸಿ ನೋಡಿ "ಇಷ್ಟೇನಾ ಮಾಮು?" ಅಂದ್ಬಿಟ್ಟ. ನನ್ನ ಮುಖ ಕೆಂಪಾಯ್ತು. ನಮ್ಮ ಅತ್ತಿಯವರು ಮಾತ್ರ ಅವನ್ನ ಕೂಗಾಡಲಿಲ್ಲ. ಶೀರ್ ಖುರ್ಮಾ ಬಟ್ಟಲು ಅವನ ಕೈಯಾಗ ಕೊಟ್ಟು "ಪಕ್ಕದ ಮನಿಗೆ, ಆಮೇಲೆ ಎದುರು ಮನಿಗೆ ನೀನೇ ಕೊಟ್ಟು ಬಾ" ಅಂದ್ರು. ತಿರುಗಾಡಿ ಬಂದವ "ಎದುರು ಮನಿ ನಾನಿ ನನ್ನ ಹಣಿಗಿ ಮುತ್ತು ಕೊಟ್ಳು" ಅಂದ. ಸಂಜಿಗೆ ಮಾಮುಗ ತಾನೇ ಹೋಗಿ ಒಂದು ಬಟ್ಟಲು ಕೊಟ್ಟ. ಯಾರೂ ಹೇಳಿರಲಿಲ್ಲ. ಕೊಡೋ ಕೆಲಸ ಕೈಗೆ ಕೊಟ್ರ ಆಯ್ತು, ಬಾಯಿಗೆ ಮಾತು ತುರುಕೋದು ಬ್ಯಾಡ.

ಜೇವರ್ಗಿ ಸಿಸ್ಟರ್

ಆರೋಗ್ಯ ಇಲಾಖ್ಯಾಗ ಕೆಲಸ. ಒಂದೇ ಮಾತು ಸೇರಿಸ್ತೀನಿ, ಯಾಕಂದ್ರ ಯಾರೂ ಹೇಳಿಲ್ಲ. ಮಕ್ಕಳು ಖರೇ ಹೇಳ್ತಾವಂದ್ರ ಎಲ್ಲಾ ಖರೇನೂ ಹೇಳ್ತಾವ. ಇವತ್ತು "ಅಪ್ಪ ಬರಲಿಲ್ಲ" ಅಂತು, ನಾಳಿ ಇನ್ನೊಂದು ಕೂಸು "ಮಾಮ ಹೊಡಿತಾನ" ಅಂತದ, ಅದಕ್ಕಿಂತ ಕೆಟ್ಟದ್ದೂ ಅನ್ನಬಹುದು. ಅಂಥಾ ಮಾತು ಬಂದ ಕೂಡಲೇ ಲೈನ್ ಪ್ರಸಾರದಿಂದ ತಗದು, ಫೋನ್ ಕಟ್ ಮಾಡದಂಗ ಒಳಗ ಒಬ್ಬರು ಮಾತಾಡಬೇಕು, 1098ಕ್ಕ ತಿಳಿಸಬೇಕು. ಅದು ಮಕ್ಕಳ ಸಹಾಯವಾಣಿ, ದುಡ್ಡು ಹತ್ತಂಗಿಲ್ಲ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ಗುರುತು ಮಾಧ್ಯಮದವರು ಬಯಲು ಮಾಡಬಾರದಂತ ಪೋಕ್ಸೊ ಕಾಯ್ದೆ 23ನೇ ಕಲಮಿನಾಗ ಅದ. ಊರು, ಶಾಲಿ, ಅಪ್ಪನ ಹೆಸರು ಎಲ್ಲಾ ಮೊದಲೇ ಗಾಳಿಗಿ ಬಿಟ್ಟಿದ್ರ ಆಮ್ಯಾಲ ಮುಚ್ಚೋದೇನು? ಅದಕ್ಕ ಶುರುವಿಗೇ ಬರೀ ಕರಿಯೋ ಹೆಸರು, ಎಷ್ಟನೇತ್ತ ಅಂತ ಕೇಳ್ರಿ ಅಂತ ಪತ್ರದಾಗ ಬರೀರಿ.

ಚಿಂಚೋಳಿ ಹುಡುಗ

ಆ ಹುಡುಗಿ ಯಾವೂರಾಕಿ ಅಂತ ಯಾರರೆ ಹೇಳ್ರಿ. ನಾವು ಗೆಳೆಯರು ಕೂಡಿ ಹೊಸ ಬಟ್ಟಿ ಕಳಸ್ತೀವಿ.

ಬ್ರಹ್ಮಪುರ ಕೇಳುಗಿ

ತಮ್ಮ, ನಿನ್ನ ಮನಸ್ಸು ದೊಡ್ಡದು. ಆದ್ರ ಹೇಳಂಗಿಲ್ಲ. ಆ ಕೂಸು ಬಟ್ಟಿ ಬೇಕಂತ ಕೇಳಿಲ್ಲ, ನನಗಿಲ್ಲ ಅಂತ ಅತ್ತಿಲ್ಲ. ಅತ್ತಿ ಹೋಳಿಗಿ ಮುಚ್ಚಿಟ್ಟದ್ದು ಹೇಳಾಕ ಫೋನ್ ಮಾಡಿತ್ತು. ಈಗ ನಾವು ಗುರ್ತು ಹಿಡದು ಗಾಡಿ ತಗೊಂಡು ಹೋಗಿ ಬಟ್ಟಿ ಕೊಟ್ಟು ಫೋಟೊ ಹಾಕಿದ್ರ, ಅಪ್ಪನ ಬಗ್ಗೆ ಅಂದ ಮಾತು ಆ ಊರಾಗ ಇನ್ನೂ ವರ್ಷಗಟ್ಲೆ ಉಳಿತದ. ಚಿಂಚೋಳ್ಯಾಗೂ ಅಪ್ಪ ಊರಾಗಿಲ್ಲದ ಮಕ್ಕಳು ಸಾಕಷ್ಟವ. ನಿಮ್ಮ ಓಣ್ಯಾಗ ನೋಡ್ರಿ.

ಶಹಾಬಾದ್ ಕಾಕಾ, ನೀವು ಸುಮ್ನಾದ್ರಿ.

ಹಳೇ ಶಹಾಬಾದ್

ಓದಲಕತ್ತಿದ್ದೆ. ಗುರುಮಠಕಲ್ ತಮ್ಮ ಬರ್ದದ್ದು ಓದಿದ ಮ್ಯಾಲ ಎದುರು ಹೇಳಾಕ ಆಗಲಿಲ್ಲ. ಆದ್ರೂ ನನ್ನ ಮಾತು ಪೂರ್ತಿ ಬಿಡಂಗಿಲ್ಲ: ದೊಡ್ಡೋರಿಗಿ ಹೆಂಗ ಮಾತಾಡಬೇಕು ಅನ್ನೋದು ಕಲಿಸಲೇಬೇಕು. ಅದನ್ನ ರೇಡಿಯೊದಾಗ ಎಲ್ಲರ ಮುಂದ ಕಲಿಸೋದು ಬ್ಯಾಡಿತ್ತು, ಇಷ್ಟು ಒಪ್ತೀನಿ. ವಾಟ್ಸ್ಯಾಪಿನಾಗ ಬಿಟ್ಟವರ ಬಗ್ಗೆ ಪತ್ರದಾಗ ಬಿಗಿಯಾಗಿ ಬರಿ. ನಮ್ಮ ಗ್ರೂಪಿನಾಗ ಬಂದಿತ್ತು, ನಾನೇ ಅಡ್ಮಿನ್, ತಗದು ಹಾಕೀನಿ.

ಆಳಂದ ಶಾಲೆ

ಸಂಕ್ರಾಂತಿ ಕಾರ್ಯಕ್ರಮಕ್ಕೆ ಪ್ರಶ್ನೆಯನ್ನೇ ಬದಲಿಸಿ ಎಂದು ಸೂಚಿಸೋಣ. "ಯಾರಿಗೆ ಥ್ಯಾಂಕ್ಸ್ ಹೇಳುತ್ತೀ?" ಅಂದರೆ ಪಟ್ಟಿ ಬರುತ್ತದೆ. "ಈ ಹಬ್ಬಕ್ಕೆ ನಿನಗೋಸ್ಕರ ಯಾರಾದರೂ ಏನಾದರೂ ಮಾಡಿದರಾ? ಏನು ಮಾಡಿದರು?" ಅಂದರೆ ಹೋಳಿಗೆ ಮುಚ್ಚಿಟ್ಟ ಅತ್ತೆಯರು ಹೊರಗೆ ಬರುತ್ತಾರೆ. "ಹಬ್ಬದಲ್ಲಿ ನಿನಗೆ ಸೇರದ್ದು ಯಾವುದು?" ಎಂದೂ ಕೇಳಲಿ. ಸೇರದ್ದನ್ನು ಹೇಳಲು ಬಿಟ್ಟರೆ ಸೇರಿದ್ದನ್ನು ಹೇಳುವಾಗ ಅದು ಮನಸ್ಸಿನಿಂದಲೇ ಬರುತ್ತದೆ. ನಮ್ಮ ತರಗತಿಯಲ್ಲಿ ಎಳ್ಳಮವಾಸ್ಯೆ ಮುಗಿಸಿ ಬಂದ ಮಕ್ಕಳಿಗೆ ಇವೇ ಪ್ರಶ್ನೆ ಕೇಳಿದೆ. ಒಬ್ಬ ಹುಡುಗ, ಟ್ರ್ಯಾಕ್ಟರ್ ಮೇಲಿಂದ ತನ್ನನ್ನು ಎತ್ತಿ ಇಳಿಸಿದ ಕಾಕಾನ ಹೆಸರು ಹೇಳಿದ. ಇನ್ನೊಬ್ಬಳು ಎದ್ದು ನಿಂತು "ನನಗ ಯಾರೂ ಏನೂ ಮಾಡಿಲ್ರಿ" ಅಂದಳು. ಅದನ್ನು ಕೇಳಿ ನಾನು ಮಾಡಬೇಕಾದ ಕೆಲಸ ಏನೆಂದು ನನಗೆ ತಿಳಿಯಿತು.

ಸೇಡಂ ತೊಗರಿ ರೈತ

ಸಂಕ್ರಾಂತಿಗಿ ಸಣ್ಣ ಮಕ್ಕಳಿಗಿ ಕರಿ ಎರಿತೀವಲ್ಲ, ಬಾರಿಹಣ್ಣು, ಕಬ್ಬಿನ ತುಂಡು, ಸುಲಗಾಯಿ ತಲಿ ಮ್ಯಾಲಿಂದ ಸುರುವಿ. ಓಣಿ ಮಕ್ಕಳೆಲ್ಲ ಆರಸ್ಕೊಳ್ಳಾಕ ಬೀಳ್ತಾವ. ಈ ಸಲ ನಮ್ಮನ್ಯಾಗ ಕೊಯ್ಲಿಗಿ ಬಂದವರ ಮಕ್ಕಳನ್ನೂ ಕುಂಡ್ರಿಸಿ ಎರಿಬೇಕಂತ ಹೆಂಡತಿ ಹೇಳ್ಯಾಳ. ಹೆಸರು ಕೇಳಿ ಬರ್ಕೊಂಡೀವಿ.

ಬ್ರಹ್ಮಪುರ ಕೇಳುಗಿ

ಪತ್ರದ ಕರಡು ಹಿಂಗದ. ಒಂದು, ಮಕ್ಕಳ ಊರು-ಶಾಲಿ ಕೇಳಬ್ಯಾಡ್ರಿ. ಎರಡು, ಕಾಯಿಸೋ ಹೊತ್ತಿನಾಗ ಹೇಳಿಕೊಡಬ್ಯಾಡ್ರಿ ಅಂತ ಮನಿಯವರಿಗೆ ಹೇಳ್ರಿ. ಮೂರು, ಆಳಂದ ಅಕ್ಕೋರ ಪ್ರಶ್ನಿಗಳು. ನಾಕು, ಕೂಸು ಸುಮ್ನಾದ್ರ ಒತ್ತಾಯ ಬ್ಯಾಡ, ಯಾರಿಗೂ ಥ್ಯಾಂಕ್ಸ್ ಹೇಳಿಸಬ್ಯಾಡ್ರಿ. ಐದು, ಸಿಸ್ಟರ್ ಹೇಳಿದ್ದು. ಆರು, ತುಣುಕು ಹಂಚಬ್ಯಾಡ್ರಿ ಅಂತ ಕಾರ್ಯಕ್ರಮದ ಶುರುವಿಗೇ ಹೇಳ್ರಿ. ನಡೆಸಿದೋರ ಮ್ಯಾಲ ದೂರು ಅಲ್ಲ ಅಂತ ಮೊದಲ ಸಾಲಿನಾಗೇ ಬರ್ದೀನಿ.

ಗುರುಮಠಕಲ್‌ನಿಂದ ಬೆಂಗಳೂರಿಗೆ

ಅಕ್ಕ, ಇನ್ನೊಂದು ಸೇರಸ್ತೀರೇನ್ರಿ? ಸಂಕ್ರಾಂತಿಗಿ ಹೊರಗ ದುಡಿಯೋ ಅಪ್ಪ-ಅವ್ವಂದಿರಿಗೂ ಒಂದು ಲೈನ್ ಬಿಡ್ರಿ ಅಂತ. ಊಟದ ಬಿಡುವಿನಾಗ ನಾವೂ ಫೋನ್ ಹಚ್ತೀವಿ. ಬರಾಕ ಆಗಂಗಿಲ್ಲಂದ್ರ ಆಗಂಗಿಲ್ಲ ಅಂತ ನಾವೇ ಹೇಳ್ತೀವಿ, ಯಾಕ ಅನ್ನೋದೂ ಹೇಳ್ತೀವಿ.

ಬ್ರಹ್ಮಪುರ ಕೇಳುಗಿ

ಸೇರಿಸೀನಿ, ಏಳನೇದು. ಸೋಮವಾರ ಮುಂಜಾನಿ ಕೇಂದ್ರಕ್ಕ ಹೋಗಿ ಕೈಯಾರೆ ಕೊಟ್ಟು ಬರ್ತೀನಿ. ಸಹಿ ಹಾಕೋರು ಭಾನುವಾರ ಸಂಜಿಯೊಳಗ ನನಗ ತಿಳಸ್ರಿ.